ಟೈಮ್‌ಔಟ್ ಎಂಬ ಅನುಪಲಬ್ಧಿ

ಫೈಲು ಸಾಗಿಸುವ ಎಫ್‌ಟಿಪಿ ಕೈಕೊಟ್ಟಾಗ ಫೋನ್ ಮಾಡುವವರ ಮೊದಲ ಮಾತು ಹೆಚ್ಚುಕಮ್ಮಿ ಒಂದೇ: "ಮೇಡಂ, ಸರ್ವರ್ ಇಲ್ಲ." ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ "ಫೈಲುಗಳೆಲ್ಲ ಹೋಗಿಬಿಟ್ಟಿವೆ" ಅಂತಲೂ ಹೇಳುತ್ತಾರೆ. ಏನು ನೋಡಿದಿರಿ ಎಂದು ಕೇಳಿದರೆ, ಏನೂ ಕಾಣಲಿಲ್ಲ ಅನ್ನುವುದೇ ಉತ್ತರ. ಹೆಸರು, ಪಾಸ್‌ವರ್ಡ್ ಕೊಟ್ಟಿದ್ದಾರೆ; ಸರ್ವರ್ 230 ಎಂದು ಒಳಗೆ ಬಿಟ್ಟುಕೊಂಡಿದೆ. ಆಮೇಲೆ ಫೋಲ್ಡರಿನ ಪಟ್ಟಿ ಕೇಳಿದರೆ ಕಿಟಕಿ ಖಾಲಿ. ಫೈಲು ತರಲು ಬಳಸುವ ಕ್ಲೈಂಟ್ ತಂತ್ರಾಂಶ ಫೈಲ್‌ಝಿಲ್ಲಾ ಇಪ್ಪತ್ತು ಸೆಕೆಂಡು ಕಾದು, ಪಟ್ಟಿ ತರಲಾಗಲಿಲ್ಲ ಎಂದು ಕೆಂಪಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳುತ್ತದೆ.

ನಾನು ಮೈಸೂರಿನಲ್ಲಿ ಮನೆಯಲ್ಲೇ ಕೂತು ಕೆಲವು ಪ್ರೆಸ್ಸು, ಶಾಲೆ, ಪತ್ರಿಕೆಗಳ ಸರ್ವರ್ ನೋಡಿಕೊಳ್ಳುತ್ತೇನೆ. ಊಟದ ಮೇಜೇ ಆಫೀಸು. ಎದುರಿನ ಈಜಿಚೇರಿನಲ್ಲಿ ಮಾವ. ಸಂಸ್ಕೃತ ಪಾಠಶಾಲೆಯಲ್ಲಿ ಹುಡುಗರಿಗೆ ಅನ್ನಂಭಟ್ಟನ ತರ್ಕಸಂಗ್ರಹ ಹೇಳಿಕೊಟ್ಟು ನಿವೃತ್ತರಾದವರು. ಕಣ್ಣು ಮಂಜಾಗಿದೆ, ಕಿವಿ ಮಾತ್ರ ಬಲು ಚುರುಕು. ತಾಲ್ಲೂಕು ಕೇಂದ್ರವೊಂದರ ವಾರಪತ್ರಿಕೆಯ ಸಂಪಾದಕರ ಜೊತೆ ನಾನಾಡಿದ ಮಾತೆಲ್ಲ ಕೇಳಿಸಿಕೊಂಡು, ಫೋನ್ ಇಟ್ಟ ಕೂಡಲೇ ಶುರುಮಾಡಿದರು.

"ಏನಮ್ಮಾ, ಆ ಪುಣ್ಯಾತ್ಮರು ಸರ್ವರ್ ಇಲ್ಲ ಅಂದರೋ, ಕಾಣಲಿಲ್ಲ ಅಂದರೋ?"

"ಇಲ್ಲ ಅಂದ್ರು ಮಾವ."

"ಇಲ್ಲ ಅನ್ನೋದು ಅವರಿಗೆ ಹೇಗೆ ಗೊತ್ತಾಯಿತಂತೆ? ಯಾವ ಪ್ರಮಾಣದಿಂದ?"

ಸಂಪಾದಕರಿಗೆ ಪ್ರಮಾಣಗಳ, ಎಂದರೆ ತಿಳಿವು ಹುಟ್ಟುವ ದಾರಿಗಳ, ಗೊಡವೆ ಇರಲಿಲ್ಲ. ಅವರ ಪುಟವಿನ್ಯಾಸದ ಸಾಫ್ಟ್‌ವೇರ್ ವಾರಕ್ಕೊಮ್ಮೆ ಪಿಡಿಎಫ್ ಪುಟಗಳನ್ನು ತಾನೇ ಎಫ್‌ಟಿಪಿ ಮೂಲಕ ಸರ್ವರಿಗೆ ಏರಿಸುತ್ತಿತ್ತು. ಹೋಸ್ಟಿಂಗ್ ಕಂಪನಿಯವರು ಹಳೆಯ ಯಂತ್ರದಿಂದ ಹೊಸ ಕ್ಲೌಡ್ ಯಂತ್ರಕ್ಕೆ ಎಲ್ಲವನ್ನೂ ಸಾಗಿಸಿದ ಮೇಲೆ ಏರಿಸುವುದು ನಿಂತುಹೋಯಿತು. ಕಂಪನಿಯ ಸಹಾಯವಾಣಿಯವರು "ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ" ಎಂದು ಟಿಕೆಟ್ ಮುಚ್ಚಿದರು. ಅವರು ಹೇಳಿದ್ದೂ ಸುಳ್ಳಲ್ಲ. ಯಂತ್ರದೊಳಗೇ ಕೂತು ಅದೇ ಯಂತ್ರಕ್ಕೆ ಎಫ್‌ಟಿಪಿ ಮಾಡಿದರೆ ಪಟ್ಟಿ ಥಟ್ಟನೆ ಬರುತ್ತಿತ್ತು.

ಇಲ್ಲಿ ಎಫ್‌ಟಿಪಿಯ ಜಾತಕ ಸ್ವಲ್ಪ ಹೇಳಬೇಕು. 1971ರ ಏಪ್ರಿಲ್‌ನಲ್ಲಿ ಎಂಐಟಿಯಲ್ಲಿದ್ದ ಅಭಯ್ ಭೂಷಣ್, ಜಾಲದ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ಎಂಬ ದಾಖಲೆಗಳ ಸಾಲಿನ 114ನೆಯದರಲ್ಲಿ ಇದರ ಮೊದಲ ರೂಪ ಬರೆದರು. ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಓದಿದವರು. ಈಗಲೂ ಆಧಾರವಾಗಿರುವುದು 1985ರ ಆರ್‌ಎಫ್‌ಸಿ 959. ಇದರ ವಿಚಿತ್ರವೆಂದರೆ ಮಾತಿಗೊಂದು ಸಂಪರ್ಕ, ಸರಕಿಗೊಂದು ಸಂಪರ್ಕ. ಲಾಗಿನ್, ಆಜ್ಞೆ, ಉತ್ತರ ಎಲ್ಲ 21ನೆಯ ಪೋರ್ಟಿನಲ್ಲಿ ನಡೆಯುತ್ತವೆ. ಫೈಲಾಗಲಿ, ಫೋಲ್ಡರಿನ ಪಟ್ಟಿಯಾಗಲಿ ಬರಬೇಕಾದರೆ ಪ್ರತಿಸಲವೂ ಬೇರೆಯದೇ ಸಂಪರ್ಕ ತೆರೆಯಬೇಕು. ಮೂಲದ ಆಕ್ಟಿವ್ ಕ್ರಮದಲ್ಲಿ ಕ್ಲೈಂಟ್ ತನ್ನ ವಿಳಾಸ ಕೊಡುತ್ತದೆ, ಸರ್ವರ್ ತಾನೇ ಅಲ್ಲಿಗೆ ಬಂದು ಬಾಗಿಲು ತಟ್ಟುತ್ತದೆ. ಮನೆಮನೆಗೂ ಆಫೀಸಿಗೂ ಫೈರ್‌ವಾಲ್ ಬಂದ ಮೇಲೆ ಹೀಗೆ ಹೊರಗಿನಿಂದ ಬರುವವರನ್ನು ಒಳಗೆ ಬಿಡುವವರು ಯಾರೂ ಇಲ್ಲವಾಯಿತು. ಹಾಗಾಗಿ ಪ್ಯಾಸಿವ್ ಕ್ರಮ ಮುಂದೆ ಬಂತು: ಕ್ಲೈಂಟ್ ಪಿಎಎಸ್‌ವಿ ಎಂದು ಕೇಳುತ್ತದೆ, ಸರ್ವರ್ ಒಂದು ಹೊಸ ಪೋರ್ಟ್ ತೆರೆದು "ಇಲ್ಲಿಗೆ ಬಾ" ಎನ್ನುತ್ತದೆ, ಹೋಗುವ ಕೆಲಸ ಕ್ಲೈಂಟಿನದು. ಕ್ಲೈಂಟುಗಳು ಇದನ್ನೇ ರೂಢಿ ಮಾಡಿಕೊಳ್ಳಲಿ ಎಂದು ಸ್ಟೀವ್ ಬೆಲೊವಿನ್ 1994ರ ಆರ್‌ಎಫ್‌ಸಿ 1579ರಲ್ಲಿ ಸೂಚಿಸಿದರು. ಕ್ಲೈಂಟಿನ ತಾಪತ್ರಯ ತೀರಿತು. ಅದೇ ತಾಪತ್ರಯ ಸರ್ವರಿನ ಫೈರ್‌ವಾಲ್‌ಗೆ ಗಂಟುಬಿತ್ತು. ಪ್ರತಿಸಲವೂ ಬೇರೆ ಬೇರೆ ಪೋರ್ಟ್ ತೆರೆದರೆ ಆ ಗೋಡೆಯಲ್ಲಿ ಯಾವುದಕ್ಕೆಂದು ದಾರಿ ಬಿಡುವುದು?

ದಾರಿ ಸಿಗದಿದ್ದಾಗ ಬರುವ ಉತ್ತರದಲ್ಲಿ ಎರಡು ಬಗೆ. ತಟ್ಟಿದ ಪೋರ್ಟಿನಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲವಾದರೆ ಯಂತ್ರವೇ ಒಂದು ಆರ್‌ಎಸ್‌ಟಿ ಪ್ಯಾಕೆಟ್ ಕಳಿಸಿ ಸ್ಪಷ್ಟವಾಗಿ ನಿರಾಕರಿಸುತ್ತದೆ. ಪರದೆಯ ಮೇಲೆ 'ಕನೆಕ್ಷನ್ ರಿಫ್ಯೂಸ್ಡ್'. ಇದು ಉತ್ತರ, ಯಂತ್ರವಿದೆ, ಆ ಪೋರ್ಟಿನಲ್ಲಿ ಯಾರೂ ಇಲ್ಲ ಎನ್ನುವುದು ಅದರ ಮಾತಿನಿಂದಲೇ ತಿಳಿಯುತ್ತದೆ. ಫೈರ್‌ವಾಲ್ ಪ್ಯಾಕೆಟ್ಟನ್ನು ಡ್ರಾಪ್ ಮಾಡಿದರೆ ಬರುವುದು ಏನೂ ಇಲ್ಲ. ಕ್ಲೈಂಟ್ ಮತ್ತೆ ಕಳಿಸುತ್ತದೆ, ಕಾಯುತ್ತದೆ, ಇನ್ನೊಮ್ಮೆ ಕಳಿಸುತ್ತದೆ, ಕೊನೆಗೆ 'ಟೈಮ್ಡ್ ಔಟ್'. ಗಮನಿಸಿ, ಟೈಮ್‌ಔಟ್ ಎನ್ನುವುದು ಆ ಕಡೆಯಿಂದ ಬಂದ ಸುದ್ದಿಯಲ್ಲ. ಕ್ಲೈಂಟ್ ತನ್ನದೇ ಗಡಿಯಾರ ನೋಡಿಕೊಂಡು, ತನ್ನದೇ ತಾಳ್ಮೆ ಮುಗಿಯಿತೆಂದು ತನಗೆ ತಾನೇ ಹೇಳಿಕೊಂಡದ್ದು. ಡ್ರಾಪ್ ಮಾಡುವವರ ಉದ್ದೇಶವೂ ಅದೇ: ತಟ್ಟುತ್ತಿರುವ ಕಳ್ಳನಿಗೆ ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯಬಾರದು. ಆ ಮೌನ ಕಳ್ಳನಿಗೂ ಒಂದೇ, ಸಂಪಾದಕರಿಗೂ ಒಂದೇ.

ಇದಿಷ್ಟನ್ನೂ ಮಾವನಿಗೆ ನನಗೆ ತಿಳಿದ ಭಾಷೆಯಲ್ಲಿ ಹೇಳಿದೆ. ಅವರಿಗೆ ಪೋರ್ಟು, ಪ್ಯಾಕೆಟ್ಟುಗಳಲ್ಲಿ ಆಸಕ್ತಿ ಇರಲಿಲ್ಲ. ಮೌನವೆಂದ ಕೂಡಲೇ ನೆಟ್ಟಗೆ ಕೂತರು.

ನೆಲದ ಮೇಲೆ ಗಡಿಗೆ ಇಲ್ಲ ಎಂದು ನಮಗೆ ಹೇಗೆ ತಿಳಿಯುತ್ತದೆ ಎನ್ನುವುದು ಶಾಸ್ತ್ರದ ಹಳೆಯ ಉದಾಹರಣೆ. ಗಡಿಗೆ ಕಣ್ಣಿಗೆ ಬೀಳುತ್ತದೆ. ಗಡಿಗೆಯ ಇಲ್ಲದಿರುವಿಕೆ ಹೇಗೆ ಬೀಳುತ್ತದೆ? ನೈಯಾಯಿಕರು ನಾಲ್ಕೇ ಪ್ರಮಾಣ ಒಪ್ಪುವವರು; ಅಭಾವವೂ ಪ್ರತ್ಯಕ್ಷಕ್ಕೇ ಸಿಗುತ್ತದೆ ಎನ್ನುತ್ತಾರೆ. ಮೀಮಾಂಸಕರಲ್ಲಿ ಪ್ರಾಭಾಕರರು ಐದು ಪ್ರಮಾಣಕ್ಕೆ ನಿಲ್ಲಿಸಿ, ಅಭಾವವೆಂಬ ಬೇರೆ ವಸ್ತುವೇ ಇಲ್ಲ, ಕಂಡದ್ದು ಬರಿಯ ನೆಲ ಅಷ್ಟೇ ಎಂದರು. ಕುಮಾರಿಲ ಭಟ್ಟನ ಕಡೆಯವರು, ಅವರ ಹಿಂದೆ ಅದ್ವೈತಿಗಳು, ಕಾಣದಿರುವುದೇ ಒಂದು ಸ್ವತಂತ್ರ ಪ್ರಮಾಣ ಎಂದು ಆರನೆಯದನ್ನು ಸೇರಿಸಿದರು. ಅದರ ಹೆಸರು ಅನುಪಲಬ್ಧಿ. ಹೀಗೆ ಲೆಕ್ಕದಲ್ಲಿ ಹೊಡೆದಾಡಿದವರು ಒಂದು ಷರತ್ತಿನಲ್ಲಿ ಮಾತ್ರ ಒಂದಾಗುತ್ತಾರೆ. ಗಡಿಗೆ ಇದ್ದಿದ್ದರೆ ಕಾಣಲೇಬೇಕಿತ್ತು ಅನ್ನುವಂಥ ಸ್ಥಿತಿ ಇರಬೇಕು. ಬೆಳಕಿರಬೇಕು, ಕಣ್ಣು ನೆಟ್ಟಗಿರಬೇಕು, ನಡುವೆ ಪರದೆ ಇರಬಾರದು. ಇದಕ್ಕೆ ಯೋಗ್ಯತೆ ಎಂದು ಹೆಸರು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದರಿಂದ ಯಾವ ಜ್ಞಾನವೂ ಹುಟ್ಟುವುದಿಲ್ಲ.

"ಹಾಗಾದರೆ ಆ ಸಂಪಾದಕರದು ಕತ್ತಲ ಕೋಣೆ," ಎಂದರು ಮಾವ. "ನೀನು ಮೊದಲು ದೀಪ ಹಚ್ಚು."

ಈ ಕೆಲಸಕ್ಕೆ ನಾವಿಟ್ಟ ಹೆಸರು ಟ್ರಬಲ್‌ಶೂಟಿಂಗ್. ಆದರೆ ನಡೆಯುವುದು ಅವರು ಹೇಳಿದ್ದೇ. ಸರ್ವರನ್ನು ಹುಡುಕುತ್ತಾ ಯಾರೂ ಹೋಗುವುದಿಲ್ಲ. ಇದ್ದಿದ್ದರೆ ಕಾಣಬೇಕಿತ್ತು ಎನ್ನಬಲ್ಲ ಜಾಗಗಳನ್ನು ಒಂದೊಂದಾಗಿ ಕಟ್ಟಿಕೊಳ್ಳುತ್ತಾ ಹೋಗಬೇಕು. ಲಾಗಿನಲ್ಲಿ ಸರ್ವರಿನ ಉತ್ತರ ಹೀಗಿತ್ತು: 227, ಅದರ ಮುಂದೆ ಆವರಣದಲ್ಲಿ ಆರು ಅಂಕಿ, 10,0,1,25,187,92. ಮೊದಲ ನಾಲ್ಕು ವಿಳಾಸ. ಅದರ ಕಥೆ ಆಮೇಲೆ. ಕೊನೆಯ ಎರಡು ಪೋರ್ಟ್. ಮೊದಲಿನದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿದರೆ 47964. ಸರ್ವರಿನೊಳಗೆ ಹೋಗಿ ಎಸ್‌ಎಸ್ ಆಜ್ಞೆ ಕೊಟ್ಟರೆ ಅಲ್ಲಿನ ಎಫ್‌ಟಿಪಿ ತಂತ್ರಾಂಶ ವಿಎಸ್‌ಎಫ್‌ಟಿಪಿಡಿ ಅದೇ ಪೋರ್ಟ್ ತೆರೆದು ಕಾಯುತ್ತಿರುವುದು ಕಣ್ಣಿಗೇ ಕಾಣುತ್ತದೆ. ಅಲ್ಲಿಗೆ ಸರ್ವರ್ ಇಲ್ಲವೆನ್ನುವ ಮಾತು ಬಿತ್ತು. ಪಕ್ಕದ ಕಿಟಕಿಯಲ್ಲಿ ಟಿಸಿಪಿಡಂಪ್ ಓಡಿಸಿ ಹೊರಗಿನಿಂದ ಮತ್ತೆ ಪ್ರಯತ್ನಿಸಿದೆ. ಯಂತ್ರದ ಹೊಸ್ತಿಲಿಗೆ ಸಂಪರ್ಕ ಕೋರುವ ಒಂದೂ ಸಿನ್ ಪ್ಯಾಕೆಟ್ ಬರಲಿಲ್ಲ. ಈ ಬಾರಿಯ ಕಾಣದಿರುವಿಕೆಗೆ ಬೆಲೆಯಿದೆ, ಏಕೆಂದರೆ ಟಿಸಿಪಿಡಂಪ್ ಯಂತ್ರದ ಸ್ವಂತ ಫೈರ್‌ವಾಲ್‌ಗಿಂತ ಮುಂಚೆಯೇ ಪ್ಯಾಕೆಟ್ಟನ್ನು ನೋಡುತ್ತದೆ, ಬಂದಿದ್ದರೆ ಕಾಣಲೇಬೇಕಿತ್ತು. ಎಂದರೆ ತಡೆ ಇನ್ನೂ ಹೊರಗೆ, ಕ್ಲೌಡಿನ ಹೊರಗೋಡೆಯಾದ ಸೆಕ್ಯುರಿಟಿ ಗ್ರೂಪಿನಲ್ಲಿ. ವಿಎಸ್‌ಎಫ್‌ಟಿಪಿಡಿ ಮನಬಂದ ಪೋರ್ಟ್ ಹಿಡಿಯದಂತೆ 50000ದಿಂದ 50100ರವರೆಗೆ ಕಟ್ಟುಹಾಕಿ, ಅಷ್ಟನ್ನೇ ಹೊರಗೋಡೆಯಲ್ಲಿ ತೆಗೆಸಿದೆ. ಈಗ ಸಿನ್ ಬಂತು, ಮರುತ್ತರ ಮಾತ್ರ ಹೊರಡಲಿಲ್ಲ. ಹೊಸ್ತಿಲಿಗೆ ಬಂದದ್ದು ಒಳಗೆ ಹೋಗದಿದ್ದರೆ ಹೊರಗಿನವರನ್ನು ದೂರುವಂತಿಲ್ಲ. ಯಂತ್ರದ ಒಳಗಿನ ಫೈರ್‌ವಾಲ್‌ನಲ್ಲೂ ಅದೇ ಪೋರ್ಟುಗಳನ್ನು ತೆರೆದೆ. ಫೈಲ್‌ಝಿಲ್ಲಾದಲ್ಲಿ ಪಟ್ಟಿ ಬಂತು.

ಮಾತನ್ನು ಗೂಢಲಿಪಿಗೆ ತಿರುಗಿಸುವ ಟಿಎಲ್‌ಎಸ್ ಇದ್ದಲ್ಲಿ ಇನ್ನೊಂದು ಸಿಕ್ಕು. ಲಿನಕ್ಸ್ ಫೈರ್‌ವಾಲ್‌ನಲ್ಲಿ 21ನೆಯ ಪೋರ್ಟಿನ ಮಾತನ್ನು ಕದ್ದು ಕೇಳಿ, 227ರಲ್ಲಿ ಬಂದ ಪೋರ್ಟನ್ನು ತಾನೇ ತೆರೆದುಕೊಡುವ ಒಂದು ಸಹಾಯಕ ಮಾಡ್ಯೂಲ್ ಉಂಟು. ಮಾತು ಗೂಢಲಿಪಿಯಲ್ಲಿ ನಡೆದರೆ ಅದಕ್ಕೆ ಏನೂ ಕೇಳಿಸುವುದಿಲ್ಲ, ಏನನ್ನೂ ತೆರೆಯುವುದಿಲ್ಲ. ಪೋರ್ಟುಗಳ ಸಾಲನ್ನು ನಿಗದಿ ಮಾಡಿ ಕೈಯಾರೆ ತೆರೆಯುವುದೊಂದೇ ದಾರಿ.

ಇಷ್ಟಾದ ಮೇಲೂ ಸಂಪಾದಕರ ಪುಟಗಳು ಹೋಗಲಿಲ್ಲ. ಫೈಲ್‌ಝಿಲ್ಲಾದಲ್ಲಿ ಎಲ್ಲ ಸಲೀಸು, ಅವರ ಪುಟವಿನ್ಯಾಸದ ಸಾಫ್ಟ್‌ವೇರಿನಲ್ಲಿ ಅದೇ ಟೈಮ್‌ಔಟ್. ಈ ಸರ್ತಿ ತೊಡಕಿದ್ದದ್ದು ಆ ಮೊದಲ ನಾಲ್ಕು ಅಂಕಿಗಳಲ್ಲಿ. 10.0.1.25 ಎನ್ನುವುದು ಖಾಸಗಿ ಜಾಲಗಳಿಗೆಂದು ಬಿಟ್ಟುಕೊಟ್ಟ ವಿಳಾಸ. 1996ರ ಆರ್‌ಎಫ್‌ಸಿ 1918ರ ಪ್ರಕಾರ 10ರಿಂದ ಶುರುವಾಗುವ ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಒಳಮನೆಯಲ್ಲಿ ಬಳಸಬಹುದು, ಹೊರಗಿನ ಇಂಟರ್ನೆಟ್ಟಿನಲ್ಲಿ ಅವು ನಡೆಯುವುದಿಲ್ಲ. ಕ್ಲೌಡಿನಲ್ಲಿರುವ ಯಂತ್ರಕ್ಕೆ ತನ್ನ ಹೊರಗಿನ ವಿಳಾಸ ಗೊತ್ತಿರುವುದಿಲ್ಲ. ಅದನ್ನು ಅದರ ನೆತ್ತಿಯ ಮೇಲೆ ಬೇರೆ ಯಾರೋ ಬರೆದಿರುತ್ತಾರೆ, ಓದಬಲ್ಲವರು ಹೊರಗಿನವರು. ಯಂತ್ರ ತನ್ನನ್ನು ತಾನು ನೋಡಿಕೊಂಡರೆ ಕಾಣುವುದು 10.0.1.25. ಅದನ್ನೇ ಹೇಳಿತು.

ಮಾವ ಇದಕ್ಕೆ ಜೋರಾಗಿ ನಕ್ಕರು. ಯಾರ ಮಾತು ಪ್ರಮಾಣವಾಗುತ್ತದೆ ಎಂದು ಕೇಳಿಕೊಂಡು, ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಆಪ್ತನಿಗೆ, ಎಂದರೆ ನಂಬತಕ್ಕವನಿಗೆ, ಒಂದು ಲಕ್ಷಣ ಹೇಳಿದ್ದಾನೆ: ವಿಷಯವನ್ನು ನೇರವಾಗಿ ಕಂಡಿರಬೇಕು, ಕಂಡದ್ದನ್ನು ಕಂಡ ಹಾಗೆ ತಿಳಿಸಬೇಕೆಂಬ ಇಚ್ಛೆ ಇರಬೇಕು. ಋಷಿಗಾಗಲಿ ಮ್ಲೇಚ್ಛನಿಗಾಗಲಿ ಇದೇ ಲಕ್ಷಣ ಎಂದೂ ಸೇರಿಸಿದ್ದಾನೆ. ಆ ಔದಾರ್ಯ ನನಗೆ ಇಷ್ಟ. ನಮ್ಮ ವಿಎಸ್‌ಎಫ್‌ಟಿಪಿಡಿ ಎರಡರಲ್ಲೂ ಪಾಸು. ಕಂಡಿದೆ, ಸುಳ್ಳಿಲ್ಲದೆ ಹೇಳಿದೆ. ಹೇಳಿದ್ದನ್ನು ನಂಬಿ ಹೊರಟವನು ಮಾತ್ರ ಎಲ್ಲಿಗೂ ಮುಟ್ಟುವುದಿಲ್ಲ.

ಫೈಲ್‌ಝಿಲ್ಲಾ ಮುಟ್ಟಿತಲ್ಲ, ಹೇಗೆ? ಸರ್ವರ್ ಕೊಟ್ಟ ವಿಳಾಸಕ್ಕೆ ದಾರಿಯಿಲ್ಲ ಎಂದು ಕಂಡುಕೊಂಡು, ಅದನ್ನು ಕೈಬಿಟ್ಟು, ಈಗಾಗಲೇ ತಾನು ಮಾತಾಡುತ್ತಿರುವ ವಿಳಾಸವನ್ನೇ ಹಿಡಿಯಿತು. ಪೋರ್ಟನ್ನು ಸರ್ವರಿನ ಮಾತಿನಿಂದ ತೆಗೆದುಕೊಂಡಿತು, ವಿಳಾಸವನ್ನು ತನ್ನ ಅನುಭವದಿಂದ. ಒಂದೇ ವಾಕ್ಯದಲ್ಲಿ ಅರ್ಧಕ್ಕೆ ಶಬ್ದ ಪ್ರಮಾಣ, ಅರ್ಧಕ್ಕೆ ಪ್ರತ್ಯಕ್ಷ. ಪುಟವಿನ್ಯಾಸದ ಸಾಫ್ಟ್‌ವೇರ್ ಹಳೆಯ ಶ್ರದ್ಧಾಳು. ಆರೂ ಅಂಕಿಗಳನ್ನು ಅಕ್ಷರಶಃ ನಂಬಿ ಹೊರಟಿತ್ತು. "ನಿನ್ನ ಫೈಲ್‌ಝಿಲ್ಲಾ ಮೀಮಾಂಸಕ ಕಣಮ್ಮಾ," ಎಂದರು ಮಾವ. ವೇದವಾಕ್ಯಗಳಲ್ಲಿ ಮೀಮಾಂಸಕರು ವಿಧಿ, ಅರ್ಥವಾದ ಎಂದು ವಿಂಗಡಿಸುತ್ತಾರೆ. ಇದನ್ನು ಮಾಡು ಎನ್ನುವುದು ವಿಧಿ. ಸ್ತುತಿ, ಕಥೆ, ವರ್ಣನೆಗಳು ಅರ್ಥವಾದ. ವಿಧಿಯ ಜೊತೆ ಕೂಡಿಕೊಂಡಾಗಲೇ ಅವಕ್ಕೆ ಬೆಲೆ, ತಮ್ಮಷ್ಟಕ್ಕೆ ಅವು ಪ್ರಮಾಣವಲ್ಲ. ಈ ಪೋರ್ಟಿಗೆ ಬಾ ಎಂಬುದು ವಿಧಿ, ನಾನು ಇಂಥವನು ಎಂಬುದು ಅರ್ಥವಾದ.

ಎಫ್‌ಟಿಪಿ ಬರೆಯುವವರೂ ಕ್ರಮೇಣ ಇಲ್ಲಿಗೇ ಬಂದರು. 1998ರ ಆರ್‌ಎಫ್‌ಸಿ 2428ರಲ್ಲಿ ಬಂದ ಇಪಿಎಸ್‌ವಿ ಆಜ್ಞೆಯ ಉತ್ತರದಲ್ಲಿ ಪೋರ್ಟ್ ಮಾತ್ರ ಇರುತ್ತದೆ. ವಿಳಾಸದ ಜಾಗ ಖಾಲಿ. 2020ರ ಡಿಸೆಂಬರಿನಲ್ಲಿ ಕರ್ಲ್ ತಂತ್ರಾಂಶ, ಪಿಎಎಸ್‌ವಿ ಉತ್ತರದ ವಿಳಾಸವನ್ನು ತಾನಾಗಿಯೇ ನಂಬುವುದನ್ನು ನಿಲ್ಲಿಸಿತು. ಅದಕ್ಕೆ ಕಾರಣ ಬೇರೆ. ಕೆಟ್ಟ ಸರ್ವರೊಂದು ತನ್ನದಲ್ಲದ ವಿಳಾಸ ಕೊಟ್ಟು, ನಂಬಿದ ಕ್ಲೈಂಟನ್ನು ಅದರದೇ ಒಳಮನೆಯ ಯಂತ್ರಗಳನ್ನು ತಟ್ಟಿನೋಡಲು ಅಟ್ಟಬಹುದಾಗಿತ್ತು. ಗುರುವೊಬ್ಬ ತಾನು ಯಾರೆಂದು ಹೇಳಿಕೊಳ್ಳುವುದನ್ನೂ ಏನು ಮಾಡೆಂದು ಹೇಳುವುದನ್ನೂ ಬೇರೆ ಬೇರೆ ತೂಕದಲ್ಲಿ ತೂಗಬೇಕೆಂಬುದು ನನ್ನ ಬಹುಕಾಲದ ಅಭಿಪ್ರಾಯ. ಅದಕ್ಕೆ ಆಧಾರ ಇಂಥ ಕಡೆ ಸಿಗುತ್ತದೆಂದು ಎಣಿಸಿರಲಿಲ್ಲ. ಸಂಪಾದಕರ ಸಾಫ್ಟ್‌ವೇರನ್ನು ತಿದ್ದುವುದು ನನ್ನ ಕೈಲಿರಲಿಲ್ಲವಾದ್ದರಿಂದ ಸರ್ವರಿಗೇ ಅದರ ಹೊರಗಿನ ವಿಳಾಸ ಹೇಳಿಕೊಟ್ಟೆ. ವಿಎಸ್‌ಎಫ್‌ಟಿಪಿಡಿಯಲ್ಲಿ ಅದಕ್ಕೆ ಪಿಎಎಸ್‌ವಿ ಅಡ್ರೆಸ್ ಎಂಬ ಒಂದು ಸಾಲು ಇದೆ. ಪುಟಗಳು ಹೋದವು.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಮಾವನಿಗೆ ಬೇಕಾದದ್ದು ದೇವರ ವಿಷಯ.

ನಾನು ಹಬ್ಬಹರಿದಿನಕ್ಕೆ ಕೈಮುಗಿಯುವವಳು, ಅದಕ್ಕಿಂತ ಹೆಚ್ಚಿಲ್ಲ. ಅವರು ಮಾಧ್ವರು, ದೇವರಪೂಜೆ ಆಗದೆ ಹನಿ ಕಾಫಿ ಮುಟ್ಟರು. ದೇವರು ಕಾಣುವುದಿಲ್ಲ, ಆದ್ದರಿಂದ ಇಲ್ಲ ಎನ್ನುವ ಚಾರ್ವಾಕನಿಗೆ ಹತ್ತನೆಯ ಶತಮಾನದ ಉದಯನ ನ್ಯಾಯಕುಸುಮಾಂಜಲಿಯಲ್ಲಿ ಇದೇ ಯೋಗ್ಯತೆಯ ಅಸ್ತ್ರ ಹಿಡಿದು ಉತ್ತರ ಕೊಟ್ಟಿದ್ದಾನೆ. ಈಶ್ವರ ಕಣ್ಣಿಗೆ ಕಾಣುವ ಜಾತಿಯ ವಸ್ತುವಲ್ಲ. ಕಾಣಲು ಯೋಗ್ಯವಲ್ಲದ್ದು ಕಾಣದಿದ್ದರೆ ಅದರಿಂದ ಇಲ್ಲವೆಂದು ಸಿದ್ಧವಾಗುವುದಿಲ್ಲ. ಮಾವ ಇದನ್ನು ಗೆದ್ದ ಮೊಕದ್ದಮೆಯ ಹಾಗೆ ಹೇಳುತ್ತಾರೆ. ಉದಯನ ಗೆದ್ದದ್ದು ಭಕ್ತರು ತಿಳಿದಷ್ಟು ದೊಡ್ಡದಲ್ಲ ಎಂದು ನನ್ನ ವಾದ. ಡ್ರಾಪ್ ಮಾಡುವ ಫೈರ್‌ವಾಲ್‌ನ ಹಿಂದೆ ಸರ್ವರ್ ಇಲ್ಲವೆಂದು ಹೇಳುವಂತಿಲ್ಲ, ನಿಜ. ಇದೆಯೆಂದೂ ಹೇಳುವಂತಿಲ್ಲ. ಉದಯನನಿಗೆ ಇದು ಗೊತ್ತಿತ್ತು, ಅದಕ್ಕೇ ಈಶ್ವರಸಿದ್ಧಿಗೆ ಬೇರೆ ಅನುಮಾನಗಳನ್ನು ಸಾಲಾಗಿ ನಿಲ್ಲಿಸಿದ. ಅವನ ಹೆಸರು ಹೇಳುವವರಲ್ಲಿ ಹಲವರು ಆ ಭಾಗ ಓದಿರುವುದಿಲ್ಲ. ಇನ್ನೊಂದು ಸೋಜಿಗ: ಕಾಣದಿರುವಿಕೆಗೆ ಸ್ವತಂತ್ರ ಪ್ರಮಾಣದ ಪಟ್ಟ ಕಟ್ಟಿದ ಕುಮಾರಿಲ ಜಗತ್ಕರ್ತನಾದ ಈಶ್ವರನನ್ನು ಒಪ್ಪಲೇ ಇಲ್ಲ.

ನನಗೆ ಹೆಚ್ಚು ಹಿಡಿಸಿದವನು ಬೌದ್ಧ ಧರ್ಮಕೀರ್ತಿ. ನ್ಯಾಯಬಿಂದುವಿನಲ್ಲಿ ಅವನು ಅನುಪಲಬ್ಧಿಯನ್ನು ಹನ್ನೊಂದು ಬಗೆಯಾಗಿ ಬಿಡಿಸುತ್ತಾನೆ. ಅದೆಲ್ಲ ಕಾಣಬಹುದಾದ ವಸ್ತುಗಳ ಮಾತು. ದೇಶದಿಂದಲೋ ಕಾಲದಿಂದಲೋ ಸ್ವಭಾವದಿಂದಲೋ ದೂರವಾದದ್ದು ಕಾಣದಿದ್ದರೆ ಅದು ಸಂಶಯಕ್ಕೆ ಮಾತ್ರ ಕಾರಣ ಎಂದು ಬೇರೆಯಾಗಿ ಹೇಳಿಬಿಡುತ್ತಾನೆ. ಟೈಮ್‌ಔಟಿನ ಮುಂದೆ ಕೂತವರಿಗೆ ಇದಕ್ಕಿಂತ ನೇರವಾದ ಸೂಚನೆ ಯಾವ ಕೈಪಿಡಿಯಲ್ಲೂ ಸಿಕ್ಕದು. ಇಲ್ಲ ಎನ್ನಬೇಡ, ಇದೆ ಎನ್ನಬೇಡ, ಸಂಶಯವೆಂದು ಬರೆದಿಟ್ಟುಕೊಂಡು ಮುಂದಿನ ಪರೀಕ್ಷೆಗೆ ನಡೆ. ದೇವರ ವಿಷಯದಲ್ಲೂ ನಾನು ನಿಂತಿರುವುದು ಅಲ್ಲೇ. ನಾಸ್ತಿಕರ ಧೈರ್ಯ ನನಗೆ ಸಾಲದು ಅಂತಲ್ಲ. ಅವರೂ ತಮ್ಮ ಗಡಿಯಾರ ನೋಡಿಕೊಂಡು ತೀರ್ಪು ಬರೆಯುತ್ತಿದ್ದಾರೆ ಅನ್ನಿಸುತ್ತದೆ.

ಮಾವ ಇದನ್ನೆಲ್ಲ ಕೇಳಿ, ಸರ್ವರಿನ ಲಾಗಿನಲ್ಲಿ ಏನಿತ್ತು ಎಂದು ವಿಚಾರಿಸಿದರು. ಒಳ್ಳೆಯ ಪ್ರಶ್ನೆ. ಸರ್ವರಿನ ಕಡೆಯಿಂದ ನೋಡಿದರೆ ಕಥೆ ತಿರುಗಾಮುರುಗಾ. ವಿಎಸ್‌ಎಫ್‌ಟಿಪಿಡಿ ಪೋರ್ಟ್ ತೆರೆದು, ಬಾ ಎಂದು ಕರೆದು, ಅರವತ್ತು ಸೆಕೆಂಡು ಕಾಯುತ್ತದೆ. ಅದು ಅದರ ಮೂಲ ಸೆಟ್ಟಿಂಗು. ಫೈಲ್‌ಝಿಲ್ಲಾ ಇಪ್ಪತ್ತಕ್ಕೇ ಕೈಬಿಟ್ಟಿರುತ್ತದೆ. ಕ್ಲೈಂಟಿನ ಪಾಲಿಗೆ ಸರ್ವರ್ ಮೌನ, ಸರ್ವರಿನ ಪಾಲಿಗೆ ಕರೆದರೂ ಬಾರದ ಕ್ಲೈಂಟ್. ನಡುವಿನ ಗೋಡೆ ಇಬ್ಬರ ಲಾಗಿನಲ್ಲೂ ಇಲ್ಲ.

"ನೋಡಿದೆಯಾ," ಎಂದರು ಮಾವ. "ದೇವರು ಓಗೊಡಲಿಲ್ಲ ಅಂತ ನೀವೆಲ್ಲ ದೂರು ಬರೀತೀರಿ. ಅವನ ಪುಸ್ತಕದಲ್ಲಿ, ಇವಳನ್ನ ಕರೆದೆ, ಇವಳೇ ಬರಲಿಲ್ಲ ಅಂತ ಇದ್ದರೆ?"

"ಇರಬಹುದು ಮಾವ. ಆದ್ರೆ ಸರ್ವರ್ ಕಾಯ್ತಾ ಇದೆ ಅಂತ ನಾನು ಒಳಗೆ ಹೋಗಿ ನೋಡಿದ ಮೇಲೆ ಹೇಳಿದ್ದು. ನೋಡದೆ ಇದ್ದಿದ್ರೆ ನನ್ನ ಮಾತೂ ಊಹೆನೇ. ದೇವರ ಕಡೆ ಲಾಗಿನ್ ಯಾರ ಹತ್ರ ಇದೆ?"

"ಯೋಗಿಗಳ ಹತ್ರ. ಯೋಗಿಪ್ರತ್ಯಕ್ಷ ಅಂತ ಒಂದು ಇಲ್ಲವೇ?"

"ಕುಮಾರಿಲ ಅದನ್ನ ಒಪ್ಪೋದಿಲ್ಲ."

"ಕುಮಾರಿಲ ನಮ್ಮ ಮತದವನಲ್ಲ," ಎಂದು ಎದ್ದರು. ನಮ್ಮ ಕಡೆ ಮೂರೇ ಪ್ರಮಾಣ, ಅನುಪಲಬ್ಧಿಗೆ ಬೇರೆ ಮಣೆ ಹಾಕುವ ಅಗತ್ಯವಿಲ್ಲವೆಂದು ಮಳಖೇಡದ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ತೀರ್ಮಾನಿಸಿ ಎಷ್ಟೋ ಕಾಲವಾಯಿತು, ಮೊದಲು ಅದನ್ನು ಓದು ಎಂದರು. ಕಪಾಟಿನ ಯಾವ ಸಾಲಿನಲ್ಲಿದೆ ಎಂದು ಕೇಳಿದೆ. ಮೇಲಿನಿಂದ ಎರಡನೆಯದು, ಎಡಗಡೆ ಎಂದರು. ಅಲ್ಲಿ ಕಾಣಲಿಲ್ಲ. ಅವರು ಹೇಳಿದ ಸಾಲಿಗೆ ಟ್ಯೂಬ್‌ಲೈಟಿನ ಬೆಳಕು ತಲುಪುವುದಿಲ್ಲ, ಟಾರ್ಚ್ ತರಬೇಕು.